ಪೆಟ್ಟಿಗೆಯ ಕೀಲು ನಡೆದು ಹೋಯಿತು

ಶಹಾಬಜಾರದ ನಮ್ಮ ಅಂಗಡಿಗೆ ಕುಂಟುತ್ತ ಬಂದ ಹೆಂಗಸು ಕಟ್ಟೆಯ ಮೇಲೆ ಕುಳಿತು, ತನ್ನ ಕೃತಕ ಕಾಲನ್ನು ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟುಬಿಟ್ಟಳು. ಮಟಮಟ ಮಧ್ಯಾಹ್ನ. ಪೆಟ್ಟಿಗೆಯ ಮುಚ್ಚಳಕ್ಕೆ ಚರ್ಮದ ಕೀಲು ಹೊಲಿಯುತ್ತ ತೂಕಡಿಸುತ್ತಿದ್ದ ನಾನು ಕನಸೆಂದೇ ತಿಳಿದೆ.

“ಯವ್ವಾ, ಕೀಲು ಹರದದ, ಹೊಲದು ಕೊಡ್ರಿ. ನಾಳೆ ಕಮಲಾಪುರದ ಸಾಲ್ಯಾಗ ಬಿಸಿಯೂಟ ಮಾಡಾಕ ನಿಲ್ಲಲಿಲ್ಲಂದ್ರ ಬ್ಯಾರೆದಾಕೀನ ಇಟ್ಕೋತಾರ.”

“ನಾ ಪೆಟ್ಟಿಗಿ ಮಾಡಾಕಿ. ದವಾಖಾನಿಗೆ ಹೋಗು.”

“ಹೋಗಿದ್ನಿರೀ. ತಿಂಗಳು ತಡಿ ಅಂದ್ರು. ಮಕ್ಕಳ ಹೊಟ್ಟಿ ತಡೀತದೇನ್ರಿ?”

ಮೊಣಕಾಲಿನ ಹಿಂದೆ, ತೊಡೆಯ ಪಟ್ಟಿಯನ್ನೂ ಕಾಲನ್ನೂ ಕೂಡಿಸುವ ಚರ್ಮ ಹರಿದಿತ್ತು. ಯಾರೋ ದನದ ಹೊಟ್ಟೆ ಭಾಗದ ತೆಳು ಚರ್ಮ ಹಾಕಿದ್ದರು. ಅದು ಹಿಗ್ಗುತ್ತದೆ, ಹರಿಯುತ್ತದೆ. ನಾನು ಎಮ್ಮೆಯ ಬೆನ್ನಿನ ಚರ್ಮ ಕತ್ತರಿಸಿ, ಎರಡು ಪದರ ಮಾಡಿ, ಮೇಣ ಸವರಿದ ದಾರದಿಂದ ಎರಡು ಸಾಲು ಹೊಲಿದೆ. ಪೆಟ್ಟಿಗೆಯಾದರೆ ಮುಚ್ಚಳ ತೆರೆದು ಮುಚ್ಚಿ ನೋಡುತ್ತೇನೆ. ಇವಳಿಗೆ ಕಾಲು ಕಟ್ಟಿಕೊಳ್ಳಲು ಹೇಳಿ, “ಕುಂದ್ರು, ಏಳು” ಅಂದೆ. ಕುಳಿತಳು, ಎದ್ದಳು. ಇಪ್ಪತ್ತು ಸಲ ಮಾಡಿಸಿದೆ. ಚರ್ಮ ಸದ್ದಿಲ್ಲದೆ ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ನನಗೆ ಇನ್ನೂ ನಿದ್ದೆಯಲ್ಲೇ ಇದ್ದ ಹಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಗಲ್ಲಿಯಲ್ಲಿ ನೆಟ್ಟಗೆ ನಡೆದು ಹೋದಳು. ತಿರುಗಿಯೂ ನೋಡಲಿಲ್ಲ.

ನನ್ನ ಪೆಟ್ಟಿಗೆ ಕೊಂಡವರು ಯಾವ ಊರಿಗೆ ಹೋದರೆಂದು ನಾನು ಎಂದೂ ಯೋಚಿಸಿದವಳಲ್ಲ. ಈಗ ಮಧ್ಯಾಹ್ನ ನಿದ್ದೆಗೆ ಕಣ್ಣು ಎಳೆದಾಗಲೆಲ್ಲ, ಕಮಲಾಪುರದ ಒಂದು ಒಲೆಯ ಮುಂದೆ ನನ್ನ ಹೊಲಿಗೆ ಕೂತು ಏಳುತ್ತಿರುತ್ತದೆ.