ಕಡೆಗೆ ನೀರು ಕುಡಿಯುವವರು

ಅಕ್ಕೋರ ಸೀರೆಯ ಮೇಲೆ, ಸರಿಯಾಗಿ ಬಲ ಸೊಂಟದ ಹತ್ತಿರ, ಯಾವಾಗಲೂ ಒಂದು ಬಿಳಿ ಅಂಗೈ ಗುರುತಿರುತ್ತಿತ್ತು. ಚಾಕ್‌ಪೀಸು ಹಿಡಿದ ಕೈಯನ್ನು ಅಲ್ಲೇ ಒರೆಸಿಕೊಳ್ಳುವುದು ಅವರ ಚಾಳಿ. "ಅಕ್ಕೋರ, ಸೀರಿ ಹೊಲಸಾತು" ಎಂದು ನಾನು ಕಾಡಿದರೆ, "ಒಗೆಯೋಳು ನಾನು ತಾನೆ? ನಿಂಗೇನೇ ಕಷ್ಟ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಹುಬ್ಬಳ್ಳಿ ರೈಲ್ವೆಯಿಂದ ಕಾಶಿಗೆ ವರ್ಗವಾಗಿತ್ತು. ಜಂಗಮವಾಡಿಯ ಗಲ್ಲಿಯಲ್ಲಿ ಮನೆ, ಮನೆಯೆದುರೇ ಸಣ್ಣ ಶಾಲೆ. ಅಲ್ಲಿ ಕಲಿಸುತ್ತಿದ್ದ ಅಕ್ಕೋರು ಹನುಮಾನ್ ಘಾಟಿನ ಕನ್ನಡ ಮನೆತನದವರು, ಹುಟ್ಟಿದ್ದೂ ಕಾಶಿಯಲ್ಲೇ. ಉಳಿದ ಮಕ್ಕಳು ಬೆಹನ್‌ಜೀ ಎಂದರೆ, ನಾವು ನಮ್ಮ ಕಡೆಯ ವಾಡಿಕೆಯಂತೆ ಅಕ್ಕೋರು ಎನ್ನುತ್ತಿದ್ದೆವು.

ನನ್ನ ತಂಗಿ ಗಿರಿಜೆಯ ಬುದ್ಧಿ ವಯಸ್ಸಿನ ಜೊತೆ ಬೆಳೆದಿರಲಿಲ್ಲ. ಯಾರ ಮುಖವನ್ನೂ ನೋಡಳು, ಬಳಪ ಕೊಟ್ಟರೆ ತಿನ್ನುವಳು. ಬೇಸಿಗೆ ರಜೆಗೆ ಮುಂಚೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ಅವರಿಗೆ ಇವಳ ವಿಷಯ ಬರೆದಿದ್ದೇನೆ, ಬೇಡವೆಂದರೆ ಇವಳನ್ನು ಶಾಲೆಯಿಂದ ತೆಗೆಯುತ್ತೇನೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟರು. ಅವ್ವ ಅತ್ತಳು. "ಒಂದಕ್ಷರನೂ ಬರವಲ್ದು ನೋಡ್ರಿ ಅಕ್ಕೋರ. ಮನ್ಯಾಗ ಇಟ್ಕೊಂಡ್ರ ದಿನಾ ಗ್ವಾಡಿ ನೋಡ್ಕೋತ ಕುಂಡ್ರತಾಳ."

"ಅಕ್ಷರ ಆಮೇಲೆ ಬರಲಿ ಬಿಡಿ. ಮೊದಲು ಮನುಷ್ಯರು ಬರಲಿ" ಎಂದರು ಅಕ್ಕೋರು.

ಮಾರನೆಯ ದಿನವೇ ಗಿರಿಜೆಯನ್ನು ಶಾಲೆಯ ನೀರಿನ ಮಡಕೆಯ ಪಕ್ಕ ನಿಲ್ಲಿಸಿದರು. ಕಾಶಿಯಲ್ಲಿ ಎದುರಾದವರಿಗೆಲ್ಲ "ಮಹಾದೇವ್" ಎನ್ನುವುದು ರೂಢಿ. ಅದನ್ನೇ ಹಿಡಿದುಕೊಂಡರು. ಮಕ್ಕಳು ಸಾಲಾಗಿ ಬರಬೇಕು, ಗಿರಿಜೆ ಮುಖ ನೋಡಿ "ಮಹಾದೇವ್" ಎನ್ನಬೇಕು, ಅವರೂ ಹಾಗೆಂದು ಹೆಸರು ಹೇಳಬೇಕು. ಆಮೇಲೆಯೇ ಬೊಗಸೆಗೆ ನೀರು. ಆ ಹೆಸರಿನ ಮೊದಲಕ್ಷರವನ್ನು ಅಕ್ಕೋರು ನೆಲದ ಮೇಲೆ ಬರೆದು ತೋರಿಸುವರು. ತಾವು ಮಾತ್ರ ಸಾಲಿನಲ್ಲಿ ಎಲ್ಲರ ಹಿಂದೆ ನಿಂತು ಕಡೆಗೆ ಕುಡಿಯುವರು.

ಮೊದಮೊದಲು ನೀರೆಲ್ಲ ಮಕ್ಕಳ ಅಂಗಿಯ ಮೇಲೆ! ಆದರೆ ಬೇಸಿಗೆಯ ಬಿಸಿಗಾಳಿ ಏಳುವ ಹೊತ್ತಿಗೆ ಗಿರಿಜೆ ಮುಖ ಎತ್ತಿ ನೋಡತೊಡಗಿದ್ದಳು. ಮುನ್ನಿ ಎಂಬ ಹುಡುಗಿಗೆ ನೀರು ಹಾಕಿ ತಾನೇ ಹಿಂದಿಯ 'ಮ' ಗೀಚಿದ ದಿನ ಅಕ್ಕೋರು ಎರಡೂ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಗಟ್ಟಿಯಾಗಿ ನಕ್ಕರು.

ಇನ್‌ಸ್ಪೆಕ್ಟರ್ ಬಂದರು. ಬೆವರು ಒರೆಸುತ್ತ ನೆಟ್ಟಗೆ ಮಡಕೆಯ ಬಳಿ ಹೋಗಿ ಕೈಯೊಡ್ಡಿದರು. ಗಿರಿಜೆ ಲೋಟವನ್ನು ಹಿಂದಕ್ಕೆಳೆದುಕೊಂಡು, "ಲೈನ್ ಮೇ ಆಓ", ಸಾಲಿನಲ್ಲಿ ಬಾ, ಎಂದಳು. ಮುಗಿಯಿತು ಇವಳ ಶಾಲೆ ಅಂದುಕೊಂಡೆ. ಮುಖ್ಯೋಪಾಧ್ಯಾಯಿನಿ "ಹಾಯ್ ರಾಮ್!" ಎಂದು ಹಣೆ ಹಿಡಿದುಕೊಂಡರು. ಅಕ್ಕೋರು ಕ್ಷಮೆಯನ್ನೂ ಕೇಳಲಿಲ್ಲ, ಗಿರಿಜೆಯನ್ನು ಗದರಲೂ ಇಲ್ಲ. ಸಾಲಿನ ಕೊನೆಯಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದು, "ಬನ್ನಿ ಸಾಹೇಬರೆ, ನನಗಿಂತ ಮುಂಚೆ ನೀವು" ಎಂದು ಹಿಂದಿಯಲ್ಲಿ ಕರೆದರು. ಏನನ್ನಿಸಿತೋ, ಸಾಹೇಬರು ಹೋಗಿ ನಿಂತರು.

ಸರದಿ ಬಂತು. ಗಿರಿಜೆ ಅವರ ಮುಖ ನೋಡಿ "ಮಹಾದೇವ್" ಎಂದಳು. ಸಾಹೇಬರು ತಡವರಿಸಿ, "ಮಹಾದೇವ್. ರಮಾಕಾಂತ್" ಎಂದರು. ನೀರು ಹಾಕಿ, ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಸೊಟ್ಟಗೆ 'ರ' ಬರೆದಳು. ಸಾಹೇಬರು ಅದನ್ನೇ ನೋಡಿದರು. "ಈ ಹುಡುಗಿಯನ್ನು ಯಾಕೆ ತೆಗೆಯಬೇಕು?" ಎಂದು ಮುಖ್ಯೋಪಾಧ್ಯಾಯಿನಿಯನ್ನೇ ಕೇಳಿದರು.

ಗಿರಿಜೆ ಉಳಿದಳು. ಐದನೆಯ ತರಗತಿ ದಾಟಲಿಲ್ಲ, ನಿಜ. ಅಂಗಡಿಯ ಬೋರ್ಡು ಓದುತ್ತಾಳೆ, ಗಲ್ಲಿಯವರ ಸುಖದುಃಖ ವಿಚಾರಿಸುತ್ತಾಳೆ. ನನಗಷ್ಟು ಸಾಕು. ಆ ಋಣ ತೀರಿಸುವಂಥದ್ದಲ್ಲ.

ಅಕ್ಕೋರು ತೀರಿಕೊಂಡ ದಿನ ಅವರ ಮನೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಯಾರೂ ಹೇಳದೆಯೇ ಗಿರಿಜೆ ಮಡಕೆಯ ಪಕ್ಕ ನಿಂತು, ಸಂಸ್ಕಾರ ಮುಗಿಸಿ ಘಾಟಿನಿಂದ ಮರಳಿದವರಿಗೆಲ್ಲ "ಮಹಾದೇವ್" ಎನ್ನುತ್ತ ನೀರು ಹಾಕಿದಳು. ಎಲ್ಲರದೂ ಮುಗಿದ ಮೇಲೆ ಇನ್ನೊಂದು ಲೋಟ ತುಂಬಿ, ಹಿಡಿದುಕೊಂಡೇ ನಿಂತಳು.

"ಯಾರಿಗವಾ ಅದು? ಎಲ್ಲಾರೂ ಕುಡದ್ರಲ್ಲ" ಎಂದೆ.

ಅವಳು ಬಾಗಿಲ ಕಡೆ ನೋಡುತ್ತ ಹೇಳಿದಳು: "ಅಕ್ಕೋರು ಕಡೀಗೆ ಕುಡೀತಾರ."