ಕಾರಿಗೆ ಕಟ್ಟಿದ ಕೊಲ್ಲಾರಿ

ನಾನು ಚಿಕ್ಕವಳಿದ್ದಾಗ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದುದು ಕಮಾನು ಚಾವಣಿಯ ಕೊಲ್ಲಾರಿ ಬಂಡಿಯಲ್ಲಿ. ಎತ್ತಿನ ಬಂಡಿಗೆ ಬಿದಿರು ಬಗ್ಗಿಸಿ ಆ ಕಮಾನಿನ ಚಾವಣಿ ಕಟ್ಟುವುದೇ ನಮ್ಮೂರು ಚಿತ್ತವಾಡ್ಗಿಯಲ್ಲಿ ಅಪ್ಪನ ಕಸುಬು. ಆಮೇಲೆ ಟ್ರ್ಯಾಕ್ಟರು, ಆಟೋ ಬಂದವು, ಕೊಲ್ಲಾರಿ ಕೇಳುವವರೇ ಇಲ್ಲವಾದರು. ಸಂಡೂರಿನ ಗಣಿ ಕೆಲಸಕ್ಕೆ ಹೋಗುವ ಮಾತು ಮನೆಯಲ್ಲಿ ದಿನಾ ನಡೆಯುತ್ತಿತ್ತು. ಹೋದರೆ ಅಪ್ಪ ಮನೆಗೆ ಬರುವುದು ವಾರಕ್ಕೊಮ್ಮೆ. ನನಗದು ಸುತರಾಂ ಬೇಡವಾಗಿತ್ತು.

ಆ ಬೇಸಿಗೆಯಲ್ಲಿ ಕಂಪ್ಲಿಯ ರೈಸ್ ಮಿಲ್ ಸಾಹುಕಾರರು ತಮ್ಮ ತಂದೆಯ ಕಾಲದ ಹಳೇ ಕಾರನ್ನು ನಮ್ಮ ಅಂಗಳಕ್ಕೇ ತಂದರು. ಅದರ ಮಡಚುವ ಟಾಪಿನ ಮರದ ಕಮಾನುಗಳನ್ನು ಗೆದ್ದಲು ತಿಂದಿತ್ತು. ಪಕ್ಕದ ಕಬ್ಬಿಣದ ತೋಳುಗಳಷ್ಟೇ ಉಳಿದಿದ್ದವು. ಗ್ಯಾರೇಜಿನವರೆಲ್ಲ ಕೈಯೆತ್ತಿದ್ದರು.

"ಆಗ್ತದೇನು?" ಎಂದರು ಸಾಹುಕಾರರು.

"ಕಾರು ಎಂದೂ ಮುಟ್ಟಿದಾವ ಅಲ್ರಿ ನಾನು. ನೋಡೂಣು, ಒಂದೀಟು ಒಳಗ ಕುಂದ್ರಿ," ಎಂದ ಅಪ್ಪ.

ಸಾಹುಕಾರರು ಸೆಕೆಗೆ ಬರಿತಲೆಯಲ್ಲೇ ಕುಳಿತರು. ಅಪ್ಪ ಸೀಟಿನಿಂದ ನೆತ್ತಿಯವರೆಗೆ ದಾರ ಹಿಡಿದು ಅಳೆದ.

ರಾತ್ರಿ ಅವ್ವನಿಗೆ ಹೇಳಿದ್ದು ಕೇಳಿಸಿತು. "ಇದು ಛಲೋ ಆದ್ರ ನಾಕು ಮಂದಿ ಹುಡಿಕ್ಕೊಂಡು ಬರ್ತಾರ. ಇಲ್ಲಂದ್ರ ಸಂಡೂರೇ."

ನೀರಲ್ಲಿ ಮೂರು ದಿನ ನೆನೆದ ಬಿದಿರಿಗೆ ಹರಳೆಣ್ಣೆ ಸವರಿ, ಭತ್ತದ ಹೊಟ್ಟಿನ ಸಣ್ಣ ಉರಿಯಲ್ಲಿ ತಿರುಗಿಸುತ್ತ ಕಾಯಿಸಿ, ನೆಲಕ್ಕೆ ಹೊಡೆದ ಗೂಟಗಳ ನಡುವೆ ಅಪ್ಪ ಮೆಲ್ಲಗೆ ಬಗ್ಗಿಸುತ್ತಿದ್ದ. ಅವಸರ ಮಾಡಿದರೆ ಚಟ್ಟನೆ ಸೀಳಿಬಿಡುತ್ತಿತ್ತು. ಅಪ್ಪನ ಕೈಯಲ್ಲಿ ಒಂದೂ ಸೀಳಲಿಲ್ಲ. ಅವನ ಅಂಗಿ, ನಮ್ಮ ಹಾಸಿಗೆ, ಅವ್ವ ಮಾಡಿದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಸಹ ಹೊಟ್ಟಿನ ಹೊಗೆ ನಾರುತ್ತಿದ್ದವು. ಓಣಿಯ ಹುಡುಗಿಯರನ್ನು ಕಾರಿನ ಪಕ್ಕ ಕುಂಟೆಬಿಲ್ಲೆ ಆಡಲು ಬಿಡಲು ನಾನು ಮಿಠಾಯಿ ವಸೂಲಿ ಮಾಡುತ್ತಿದ್ದೆ.

ನಾಲ್ಕು ಕಮಾನುಗಳೂ ತೋಳಿಗೆ ಕೂತವು. ಎಳೆದರೆ ಎದ್ದು ನಿಂತವು, ತಳ್ಳಿದರೆ ಸದ್ದಿಲ್ಲದೆ ಮಡಚಿಕೊಂಡವು. ಆದರೆ ಸಾಹುಕಾರರು ಬಂದ ದಿನ ಅವರ ಡ್ರೈವರ್ ದೂರದಿಂದಲೇ ನಕ್ಕ.

"ಭಾಳ ಎತ್ತರಾತಲ್ಲಪ. ಕಾರಿಗೆ ಕೊಲ್ಲಾರಿ ಕಟ್ಟಿಬಿಟ್ಟಿ."

ನಿಜವೇ. ಹಳೆಯ ಟಾಪಿಗಿಂತ ಒಂದು ಗೇಣು ಎತ್ತರ. ಅಪ್ಪ ದಾರ ತೆಗೆದು ಮತ್ತೆ ಅಳೆದ.

"ತಪ್ಪಾತ್ರಿ," ಎಂದ. "ಬಂಡಿಗೆ ಅಳಿಯಾವಾಗ ತಲಿಮ್ಯಾಲ ಒಂದು ಗೇಣು ರುಮಾಲಿಗಂತ ಬಿಡ್ತೀವ್ರಿ. ಕೈಗೆ ರೂಢಿ. ಬಿಚ್ಚಿ ಮತ್ತ ಕಟ್ಟತೀನಿ."

ಸಾಹುಕಾರರು ಹೆಗಲ ಮೇಲಿನ ರುಮಾಲು ತೆಗೆದು ನಿಧಾನಕ್ಕೆ ತಲೆಗೆ ಸುತ್ತಿಕೊಂಡು ಒಳಗೆ ಹೋಗಿ ಕುಳಿತರು. ಕಮಾನು ರುಮಾಲಿಗೆ ತಾಗಲಿಲ್ಲ.

"ಬಿಚ್ಚಬ್ಯಾಡ," ಎಂದರು. "ಟಾಪ್ ಹಾಕಿದ್ರ ನಮ್ಮಪ್ಪ ರುಮಾಲು ತೆಗದು ತೊಡಿಮ್ಯಾಲ ಇಟ್ಕೊಂಡು ಕುಂದ್ರತಿದ್ದ. ಸ್ವಂತ ಕಾರಿನ್ಯಾಗ ಬರಿತಲಿ. ಈ ಕಾರು ಮಾಡಿದವ್ರಿಗೆ ನಮ್ಮ ತಲಿ ಗೊತ್ತಿದ್ದಿಲ್ಲ, ನಿನಗ ಗೊತ್ತೈತಿ."

ಅಪ್ಪ ತಲೆ ಬಗ್ಗಿಸಿ ನಿಂತ. ಆ ಎತ್ತರಕ್ಕೇ ಕ್ಯಾನ್ವಾಸ್ ಹೊಲಿಸಿ, ಸಾಹುಕಾರರು ರುಮಾಲು ಸುತ್ತಿಕೊಂಡೇ ಕಂಪ್ಲಿ ದಾರಿ ಹಿಡಿದರು. ಸಂಡೂರಿನ ಮಾತು ಮುಗಿಯಿತೆಂದು ನಾನು ಓಣಿಗೆಲ್ಲ ಸಾರಿದೆ.

ಮುಗಿಯಲಿಲ್ಲ. ನಾಕು ಮಂದಿ ಹುಡುಕಿಕೊಂಡು ಬರಲು ಅಂಥ ಕಾರು ಇನ್ನೊಂದು ಇರಬೇಕಲ್ಲ, ಸುತ್ತ ಎಲ್ಲೂ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪ ಗಣಿಯ ಬಸ್ಸು ಹತ್ತಿದ. ಮುಂದೆ ಬಿದಿರು ಮುಟ್ಟಲಿಲ್ಲ. ಕಲಿಸು ಎಂದರೆ, "ನೀ ಓದವ್ವ," ಎನ್ನುತ್ತಿದ್ದ. ಓದಿದೆ, ನೌಕರಿಯೂ ಸಿಕ್ಕಿತು. ಬಿದಿರನ್ನು ಸೀಳದಂತೆ ಬಗ್ಗಿಸುವುದು ಇವತ್ತು ನಮ್ಮ ಮನೆಯಲ್ಲಿ ಯಾರಿಗೂ ಬರದು.

ಆ ಟಾಪು ಸಡಿಲವಾಗಲಿ, ಸಾಹುಕಾರರು ರಿಪೇರಿಗೆ ತರಲಿ, ಅಪ್ಪ ಮರಳಲಿ ಎಂದು ಎರಡು ವರ್ಷ ಬೇಡಿಕೊಂಡೆ. ಅಪ್ಪ ಕಟ್ಟಿದ್ದು ಸಡಿಲವಾಗಲೇ ಇಲ್ಲ.