ಎಲೆ ನೋಡುವ ಭಾನುವಾರ

ಅಕ್ಟೋಬರ್ ಬಂದು ಈ ಪರದೇಶದ ಮರಗಳು ಬಣ್ಣ ತಿರುಗಿದವೆಂದರೆ ನನ್ನ ಹೆಂಡತಿ ವನಜಳಿಗೆ ಎಲೆ ನೋಡುವ ಹುಚ್ಚು ಹಿಡಿಯುತ್ತದೆ. ಎಲೆಗಳೇನೋ ನಮ್ಮ ರೇನರ್ಸ್ ಲೇನಿನ ಮನೆಯ ಮುಂದೆಯೇ ಬೇಕಾದಷ್ಟು ಉದುರಿ, ಕಾರಿನ ಗಾಜಿಗೂ ಅಂಟಿಕೊಂಡು, ನನ್ನಿಂದ ಬೈಸಿಕೊಳ್ಳುತ್ತಿರುತ್ತವೆ. ಆದರೆ ಮನೆಬಾಗಿಲಿನ ಎಲೆ ಕಸ, ರಿಚ್‌ಮಂಡ್ ಪಾರ್ಕಿನದು ಸೌಂದರ್ಯ ಎಂಬುದು ಅವಳ ಸಿದ್ಧಾಂತ. ಹೀಗಾಗಿ ಒಂದು ಭಾನುವಾರ ಪುಳಿಯೋಗರೆಯ ಡಬ್ಬಿ, ಕಾಫಿಯ ಫ್ಲಾಸ್ಕುಗಳೊಂದಿಗೆ ನಮ್ಮ ಪರ್ಣಯಾತ್ರೆ ಹೊರಡುತ್ತದೆ.

ಓದುಗ ಮಿತ್ರರೇ, ನಿಮಗೆ ಮಾತ್ರ ಹೇಳುತ್ತೇನೆ: ಆ ಪರ್ಣಗಳ ವರ್ಣವೈಭವ ನನಗೆ ಕಾಣಿಸುವುದೇ ಇಲ್ಲ. ಹುಟ್ಟಿನಿಂದ ನನಗೆ ಕೆಂಪು, ಹಸಿರು ಎರಡೂ ಒಂದೇ ಬಗೆಯ ಮಣ್ಣುಬಣ್ಣ. ನಾನು ಮೂಳೆಯ ಡಾಕ್ಟರಾದದ್ದೂ ಇದೇ ಕಾರಣಕ್ಕಿರಬಹುದು. ಎಕ್ಸ್‌ರೇಗೆ ಬಣ್ಣದ ಗೊಡವೆಯಿಲ್ಲ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದ ದಿನವೇ ಈ ಮಾತು ಹೇಳಬೇಕಿತ್ತು, ಅಂಜಿ ನುಂಗಿಕೊಂಡೆ. ತಡವಾದಷ್ಟೂ ಆ ಸಣ್ಣ ಸಂಕೋಚ ದೊಡ್ಡ ವಂಚನೆಯಾಗಿ ಬೆಳೆಯಿತು. ಮೂವತ್ತು ವರ್ಷದ ನಂಬಿಕೆ ಯಾವ ಮರದ ಕೆಳಗೆ ಮುರಿದುಬೀಳುವುದೋ ಎಂಬ ಭಯದಲ್ಲೇ ಪ್ರತಿ ಅಕ್ಟೋಬರ್ ಕಳೆಯುತ್ತಿದ್ದೆ.

ಪುಣ್ಯಕ್ಕೆ ವನಜ ವಾಚಾಳಿ. "ಆ ಮರ ನೋಡಿ, ಒಳ್ಳೆ ಗೊಜ್ಜು ಕುದ್ದ ಹಾಗಿದೆ. ಪಕ್ಕದ್ದು ಈಗ ತಾನೆ ಒಗ್ಗರಣೆಗೆ ಬಿದ್ದ ಮೆಣಸಿನಕಾಯಿ" ಎಂದು ಇಡೀ ಅಡುಗೆಮನೆಯನ್ನೇ ಮರಗಳ ಮೇಲೆ ಹರಡುತ್ತಾಳೆ. ಇವಳ ಬಾಯಿಗೆ ಬಿಡುವೇ ಇಲ್ಲವೆಂದು ಸ್ನೇಹಿತರ ಮುಂದೆ ಆಡಿಕೊಂಡವನು ನಾನೇ. ಆ ಮಾತಿನ ಮರೆಯಲ್ಲಿ "ಹೌದು, ಹೌದು" ಎನ್ನುತ್ತ ಬಚಾವಾದವನೂ ನಾನೇ.

ಈ ಸಲ ನೆಗಡಿಯಾಗಿ ಅವಳ ಗಂಟಲು ಕಟ್ಟಿತ್ತು. ಬೇಡವೆಂದರೂ ಹೊರಟಳು. ಪಾರ್ಕಿನಲ್ಲಿ ಅವಳು ಮೌನವಾಗಿ ನಡೆಯುತ್ತಿರಲು, ರಸಿಕತೆಯ ಹೊಣೆಯೆಲ್ಲ ನನ್ನ ಮೇಲೆ ಬಿತ್ತು. ದೊಡ್ಡದೊಂದು ಓಕ್ ಮರದ ಮುಂದೆ ನಿಂತು, "ಆಹಾ, ಏನು ಕೆಂಪು ನೋಡು" ಎಂದೆ.

"ಅದಿನ್ನೂ ಹಸಿರೇ ಇದೆ ರೀ" ಎಂದಳು, ಇದ್ದ ಚೂರು ದನಿಯಲ್ಲಿ.

ಸಿಕ್ಕಿಬಿದ್ದಿದ್ದೆ. ತಪ್ಪೊಪ್ಪಿಕೊಳ್ಳಲು ಮಾತು ಹುಡುಕುತ್ತಿದ್ದಾಗ ಅವಳೇ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ನಂಗೊತ್ತು ಕಣ್ರೀ. ಮದ್ವೆಯಾದ ಹೊಸದ್ರಲ್ಲೇ ಗೊತ್ತಾಯ್ತು. ಹಣ್ಣು ಟೊಮೇಟೊ ತನ್ನಿ ಅಂದ್ರೆ ಕಾಯಿ ತರ್ತಿದ್ರಲ್ಲ. ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ. ಇಲ್ದಿದ್ರೆ ಮರ ನೋಡೋಕೆ ಅಷ್ಟೊಂದು ಮಾತು ಯಾಕೆ ಬೇಕಿತ್ತು?"

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿಬಂತು. ಹರಟೆಯೆಂದು ನಾನು ಹಂಗಿಸಿದ್ದನ್ನೆಲ್ಲ ಇಷ್ಟು ವರ್ಷ ಅವಳು ನನಗೋಸ್ಕರವೇ ಆಡಿದ್ದಳು. "ಗಂಟಲಿಗೆ ಆಯಾಸ ಬೇಡ, ಇವತ್ತು ಸುಮ್ನೆ ಕೂತ್ಕೋ" ಎಂದು ಬಿಸಿ ಕಾಫಿ ಬಗ್ಗಿಸಿಕೊಟ್ಟೆ. ಎರಡು ಗುಟುಕು ಕುಡಿದು, ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಿವಿಯಲ್ಲಿ ಪಿಸುದನಿಯಲ್ಲಿ, ಎಡತುದಿಯ ಮರದಿಂದ ಶುರು ಮಾಡಿದಳು.